ಕಳೆದದ್ದು ಕೇರಿಯ ಬ್ಯಾಗು, ಕೇಳೋದು ನಮ್ಮ ಹಕ್ಕು



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ.

ಹೋದ ದಸರಾ ಹೊತ್ತಿಗೆ ನಾಗಪುರದ ದೀಕ್ಷಾಭೂಮಿಗೆ ಹೋಗಿದ್ದೆ. ವಾಪಸ್ ಬರುವಾಗ ವಿಮಾನದಲ್ಲಿ ಹಾಕಿದ ಒಂದು ಬ್ಯಾಗು ಬೆಂಗಳೂರಿಗೆ ಬರಲೇ ಇಲ್ಲ. ಇವತ್ತಿನವರೆಗೂ ಬಂದಿಲ್ಲ. ಆಗ ಇಲ್ಲೇ ನಾಲ್ಕು ಸಾಲು ಬರೆದಿದ್ದೆ. ಕಾಮೆಂಟಲ್ಲಿ ಎರಡು ಥರದ ಮಾತು ಬಂತು. ಒಂದು: "ಓಹೋ, ಹೋರಾಟಗಾರರು ಈಗ ವಿಮಾನದಲ್ಲಿ ಓಡಾಡ್ತಾರೆ." ಇನ್ನೊಂದು ನಮ್ಮವರದೇ: "ಬಿಟ್ಟಾಕಣ್ಣ, ಪುಸ್ತಕ ತಾನೆ. ಅದಕ್ಕೆಲ್ಲ ಕೋರ್ಟು ಕಚೇರಿ ಯಾಕೆ?"

ಮೊದಲನೆಯದಕ್ಕೆ ಉತ್ತರ ಕೊಡೋ ಅಗತ್ಯ ಇಲ್ಲ. ಎರಡನೆಯದಕ್ಕೆ ಕೊಡಲೇಬೇಕು. ಯಾಕಂದ್ರೆ ಆ "ಬಿಟ್ಟಾಕು" ಅನ್ನೋ ಮಾತು ನಮ್ಮ ಕೇರಿಗಳಲ್ಲಿ ಬಹಳ ಹಳೇದು. ಅದಕ್ಕೆ ನಾವು ತೆತ್ತ ಬೆಲೆಯೂ ಬಹಳ.

ಮೊದಲು ಆ ಬ್ಯಾಗಲ್ಲಿ ಏನಿತ್ತು ಅಂತ ಹೇಳ್ತೀನಿ.

ಸಕ್ರೆಬೈಲು ಅಂದ್ರೆ ಹೊರಗಿನವರಿಗೆ ಆನೆ ಬಿಡಾರ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದು ಬಂದು, ತುಂಗೆಯ ಹಿನ್ನೀರಲ್ಲಿ ಆನೆಗಳಿಗೆ ಮೈ ತೊಳೆಸೋದನ್ನ ನೋಡಿ, ಫೋಟೋ ಹೊಡ್ಕೊಂಡು ಹೋಗ್ತಾರೆ. ಆ ರಸ್ತೆ ಬಿಟ್ಟು ಒಳಗೆ ಬಂದ್ರೆ ನಮ್ಮಂಥವರ ಮನೆಗಳಿವೆ. ತೋಟದ ಕೂಲಿ, ಗಾರೆ ಕೆಲಸ, ಪೇಟೆಯ ಅಂಗಡಿಗಳಲ್ಲಿ ದುಡಿಮೆ. ಅಲ್ಲೊಂದು ಸಣ್ಣ ಕೋಣೆ ಇದೆ. ಅದನ್ನ ಮಕ್ಕಳ ಓದೋ ಕೋಣೆ ಮಾಡೋಣ ಅಂತ ಎರಡು ವರ್ಷದಿಂದ ಮಾತಾಡ್ತಾ ಇದ್ವಿ. ನಾನು ನಾಗಪುರಕ್ಕೆ ಹೊರಟಾಗ 23 ಮನೆಯವರು ದುಡ್ಡು ಹಾಕಿದರು. ಕೆಲವರು 500, ಬಹಳ ಮಂದಿ 200. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ 100 ಕೊಟ್ಟರು. ಒಟ್ಟು 7,300 ರೂಪಾಯಿ. "ಬಾಬಾಸಾಹೇಬರ ಪುಸ್ತಕ ತಗೊಂಡು ಬಾ, ನಮ್ಮ ಮಕ್ಕಳು ಓದಲಿ" ಅಂದರು.

ದೀಕ್ಷಾಭೂಮಿಗೆ ಹೋದವರಿಗೆ ಗೊತ್ತಿರುತ್ತೆ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಬೌದ್ಧ ಧಮ್ಮ ಸ್ವೀಕರಿಸಿದ ಜಾಗ ಅದು. ಪ್ರತಿವರ್ಷ ವಿಜಯದಶಮಿಗೆ ಜನಸಾಗರ. ಬೇರೆ ಜಾತ್ರೆಗಳಲ್ಲಿ ಜನ ತೆಂಗಿನಕಾಯಿ, ಬಳೆ, ಬತ್ತಾಸು ಕೊಳ್ತಾರೆ. ಅಲ್ಲಿ ಪುಸ್ತಕ ಕೊಳ್ತಾರೆ. ತಲೆ ಮೇಲೆ ಗಂಟು ಹೊತ್ತ ಹೆಂಗಸರು, ಚಪ್ಪಲಿ ಇಲ್ಲದ ಮುದುಕರು, ಎಲ್ಲರ ಕೈಯಲ್ಲೂ ಪುಸ್ತಕ. ನಾನೂ ಎರಡು ದಿನ ಸ್ಟಾಲ್ ಸ್ಟಾಲ್ ಸುತ್ತಿ ತಗೊಂಡೆ. ಮಹಾರಾಷ್ಟ್ರ ಸರ್ಕಾರ ಪ್ರಕಟಿಸಿದ ಬರಹ ಭಾಷಣಗಳ ಸಂಪುಟಗಳಲ್ಲಿ ಕೆಲವು, ಫುಲೆ ದಂಪತಿ ಬಗ್ಗೆ ಚಿತ್ರ ಇರೋ ಮಕ್ಕಳ ಪುಸ್ತಕ, ಗೋಡೆಗೆ ಹಾಕೋ ಚಿತ್ರಪಟ, ಒಂದು ಸಣ್ಣ ಬುದ್ಧ. ಜೊತೆಗೆ ನನ್ನದೊಂದು ನೋಟ್‌ಬುಕ್. ನಮ್ಮ ಕಡೆಯ ಹಿರಿಯರು ಹೇಳಿದ್ದನ್ನ, ಯಾವ ಊರಲ್ಲಿ ಯಾರು ಯಾವ ಬಾವಿ ಮುಟ್ಟೋಕೆ ಬಿಡ್ತಿರಲಿಲ್ಲ, ಯಾರು ಮೊದಲು ಶಾಲೆಗೆ ಹೋದರು, ಅದನ್ನೆಲ್ಲ ಬರೆದಿಟ್ಟ ಪುಸ್ತಕ. ನಾಗಪುರದಲ್ಲಿ ಒಬ್ಬ ಗೆಳೆಯರಿಗೆ ತೋರಿಸೋಕೆ ಅಂತ ಒಯ್ದಿದ್ದೆ. ಹೇಳಿದ ಹಿರಿಯರಲ್ಲಿ ಇಬ್ಬರು ಈಗ ಇಲ್ಲ.

ಹೋಗುವಾಗ ರೈಲಲ್ಲೇ ಹೋದೆ. ಬರುವಾಗ ಟಿಕೆಟ್ ವೇಟಿಂಗ್ ಲಿಸ್ಟಲ್ಲೇ ಉಳೀತು. ಮರುದಿನ ಕೆಲಸಕ್ಕೆ ಹಾಜರಾಗಬೇಕಿತ್ತು. ತಮ್ಮ ಫೋನಲ್ಲೇ ವಿಮಾನದ ಟಿಕೆಟ್ ಮಾಡಿ ಕಳಿಸಿದ. ನೋಡಿ, ಈ ಮೂರು ಸಾಲು ಬರೆದ ಮೇಲೆ ನನಗೇ ಅನ್ನಿಸ್ತು, ಇದನ್ನ ನಾನು ಯಾರಿಗೆ ವಿವರಿಸ್ತಾ ಇದೀನಿ? ಬೇರೆಯವರು ತಮ್ಮ ಬ್ಯಾಗು ಕಳೆದ ಕಥೆ ಹೇಳುವಾಗ "ನಾನು ವಿಮಾನ ಹತ್ತಿದ್ದು ಯಾಕೆ ಅಂದ್ರೆ" ಅಂತ ಶುರು ಮಾಡ್ತಾರಾ? ಇಲ್ಲ. ನಾವು ಮಾತ್ರ ಮಾಡ್ತೀವಿ. ಅಳಿಸೋಣ ಅಂದ್ಕೊಂಡೆ, ಆಮೇಲೆ ಬಿಟ್ಟೆ. ಇರಲಿ, ನಮ್ಮೊಳಗೆ ಎಷ್ಟು ಆಳಕ್ಕೆ ಇಳಿದಿದೆ ಅಂತ ತೋರಿಸೋಕೆ.

ಬೆಂಗಳೂರಲ್ಲಿ ಇಳಿದು ಬೆಲ್ಟ್ ಹತ್ರ ನಿಂತೆ. ಎಲ್ಲರ ಬ್ಯಾಗೂ ಬಂತು. ಬೆಲ್ಟ್ ನಿಂತೇ ಹೋಯ್ತು. ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗ ಕೇಳಿದ: "ಏನಿತ್ತು ಸರ್ ಒಳಗೆ?"

"ಪುಸ್ತಕ."

"ಬೇರೆ ಏನಾದ್ರೂ? ಬೆಲೆಬಾಳೋದು?"

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಫಾರಂ ಹಾಗಿದೆ, ಅವನು ಕೇಳ್ದ. ಬ್ಯಾಗು ಎತ್ತಿ ಹಾಕೋ ಹುಡುಗರ ಮೇಲೂ ಸಿಟ್ಟಿಲ್ಲ. ರಾತ್ರಿ ಪಾಳಿಯಲ್ಲಿ ವಿಮಾನದ ಹೊಟ್ಟೆಯೊಳಗೆ ಬಗ್ಗಿ ಭಾರ ಹೊರೋರು ಯಾರ ಮಕ್ಕಳು ಅಂತ ನಮಗೆ ಗೊತ್ತು. ಕಂಪನಿ ಮೇಲೆ ದೂರು ಕೊಟ್ಟು, ಅದರ ಶಿಕ್ಷೆ ಗುತ್ತಿಗೆ ಕಾರ್ಮಿಕನ ಸಂಬಳದಲ್ಲಿ ಕಡಿತ ಆಗಬಾರದು. ನನ್ನ ಜಗಳ ಟಿಕೆಟಿನ ದುಡ್ಡು ತಗೊಂಡ ಕಂಪನಿ ಜೊತೆ.

ನಮ್ಮ ಮಲೆನಾಡಿನ ಪ್ರೈವೇಟ್ ಬಸ್ಸಲ್ಲಿ ಚೀಲ ಮರೆತರೆ ಏನು ಮಾಡ್ತೀವಿ? ಮರುದಿನ ಅದೇ ಬಸ್ಸಿಗೆ ಕಾಯ್ತೀವಿ. ಕಂಡಕ್ಟರ್ ಬಾಗಿಲಲ್ಲೇ ನಿಂತು "ನಿಂದೇನಾ ಮಾರಾಯ" ಅಂತ ಎಸೆದು ಹೋಗ್ತಾನೆ. ಬೈಯೋಕೆ ಒಂದು ಮುಖ ಇರುತ್ತೆ, ಥ್ಯಾಂಕ್ಸ್ ಹೇಳೋಕೂ ಒಂದು ಮುಖ ಇರುತ್ತೆ. ಇಲ್ಲಿ ಮುಖ ಇಲ್ಲ. ಇಮೇಲ್ ಇದೆ. "ನಿಮ್ಮ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಅನ್ನೋ ಅದೇ ಸಾಲು, ಆರು ಸಲ, ಆರು ಬೇರೆ ಹೆಸರಿನಿಂದ.

ಮೂರು ವಾರ ಆದ ಮೇಲೆ ಬ್ಯಾಗು ಕಳೆದಿದೆ ಅಂತ ಒಪ್ಪಿಕೊಂಡರು. ತೂಕ 13 ಕೆಜಿ, ಕೆಜಿ ಲೆಕ್ಕದಲ್ಲಿ 2,600 ರೂಪಾಯಿ ಕೊಡ್ತೀವಿ, ಜೊತೆಗೆ ಮುಂದಿನ ಪ್ರಯಾಣಕ್ಕೆ ಒಂದು ವೋಚರ್, ಈ ಕಾಗದಕ್ಕೆ ಸಹಿ ಹಾಕಿ ಅಂದರು. ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇದ್ದ ಸಾಲು: ಇದು ಅಂತಿಮ ಇತ್ಯರ್ಥ, ಇನ್ನು ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ.

ಬಾಬಾಸಾಹೇಬರ ಪುಸ್ತಕಕ್ಕೆ ಕೆಜಿ ರೇಟು. ಗುಜರಿ ಅಂಗಡಿಯಲ್ಲಿ ಹಳೇ ಪೇಪರಿಗೆ ಹಾಕ್ತಾರಲ್ಲ, ಹಾಗೆ.

ನಾನು ಸಹಿ ಹಾಕಲಿಲ್ಲ.

ಹಾಕದೇ ಇರೋಕೆ ಧೈರ್ಯ ಬಂದಿದ್ದು ಒಂದು ಹಳೇ ಕಥೆಯಿಂದ. ಆ ಬ್ಯಾಗಲ್ಲಿದ್ದ ಪುಸ್ತಕಗಳನ್ನ ಬರೆದವರದ್ದೇ ಕಥೆ.

1917ರಲ್ಲಿ ಬರೋಡಾ ಸಂಸ್ಥಾನ ಕೊಟ್ಟಿದ್ದ ವಿದ್ಯಾರ್ಥಿವೇತನದ ಅವಧಿ ಮುಗಿದು, ಬಾಬಾಸಾಹೇಬರು ಲಂಡನ್ನಿನ ಓದನ್ನ ಅರ್ಧಕ್ಕೇ ಬಿಟ್ಟು ವಾಪಸ್ ಬರಬೇಕಾಯ್ತು. ಮೊದಲ ಮಹಾಯುದ್ಧದ ಕಾಲ. ಅವರು ಒಂದು ಹಡಗಲ್ಲಿ ಬಂದರು. ಲಗೇಜು, ಪುಸ್ತಕ ಇನ್ನೊಂದು ಹಡಗಲ್ಲಿ ಹೊರಟಿತ್ತು. ಆ ಹಡಗನ್ನ ಜರ್ಮನ್ನರ ಜಲಾಂತರ್ಗಾಮಿ ಹೊಡೆದು ಮುಳುಗಿಸಿತು. ಹೊಟ್ಟೆ ಬಟ್ಟೆ ಕಟ್ಟಿ ಕೊಂಡ ಪುಸ್ತಕಗಳು ಸಮುದ್ರದ ಪಾಲು. ಬಾಬಾಸಾಹೇಬರು "ಯುದ್ಧ ತಾನೆ, ಬಿಟ್ಟಾಕು" ಅಂತ ಸುಮ್ಮನಾಗಲಿಲ್ಲ. ಸಾಗಣೆಯ ಹೊಣೆ ಹೊತ್ತಿದ್ದ ಥಾಮಸ್ ಕುಕ್ ಕಂಪನಿಯಿಂದ 600 ರೂಪಾಯಿ ಪರಿಹಾರ ಬಂತು. ಆ ದುಡ್ಡಲ್ಲೇ ಮನೆಖರ್ಚಿಗೆ ಒಂದಷ್ಟು ಕೊಟ್ಟು, ಉಳಿದದ್ದರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಹೊರಟರು ಅಂತ ಅವರ ಜೀವನಚರಿತ್ರೆಯಲ್ಲಿದೆ.

ಬರೋಡಾದಲ್ಲಿ ಆಗಿದ್ದು ನಿಮಗೆಲ್ಲ ಗೊತ್ತು. ಕೊಲಂಬಿಯಾದಲ್ಲಿ ಓದಿ ಬಂದ ಮನುಷ್ಯನಿಗೆ ಇಡೀ ಊರಲ್ಲಿ ಒಂದು ರೂಮು ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಹೇಳ್ಕೊಂಡು ಇರಬೇಕಾಯ್ತು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಇದನ್ನೆಲ್ಲ ಅವರೇ "ವೇಟಿಂಗ್ ಫಾರ್ ಎ ವೀಸಾ" ಬರಹದಲ್ಲಿ ಬರೆದಿದ್ದಾರೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮುಳುಗಿದ ಲಗೇಜಿಗೆ 600 ರೂಪಾಯಿ ಕೊಡೋ ವ್ಯವಸ್ಥೆ 1917ರಲ್ಲೇ ಇತ್ತು. ದೊಣ್ಣೆ ತೋರಿಸಿ ಹೊರಗೆ ಹಾಕಿದ್ದಕ್ಕೆ ಒಂದು ದೂರು ಬರೆಸ್ಕೊಳ್ಳೋಕೂ ಜಾಗ ಇರಲಿಲ್ಲ. ವಸ್ತುವಿನ ನಷ್ಟಕ್ಕೆ ಬೆಲೆ, ಮನುಷ್ಯನ ಮರ್ಯಾದೆಗೆ ಬೆಲೆ ಇಲ್ಲ. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ಅದರ ಕೆಳಗೆ 1995ರಲ್ಲಿ ಬಂದ ನಿಯಮಗಳಲ್ಲಿ ಸಂತ್ರಸ್ತರಿಗೆ ಪರಿಹಾರ ಅಂತ ಬಂತು.

ಬಂದ ಮೇಲೆ ಏನಾಯ್ತು? "ದುಡ್ಡಿಗೋಸ್ಕರ ಕೇಸ್ ಹಾಕ್ತಾರೆ" ಅನ್ನೋ ಮಾತು ಶುರುವಾಯ್ತು. ಸ್ಟೇಷನ್ನಲ್ಲಿ, ಪಂಚಾಯ್ತಿ ಕಟ್ಟೆಯಲ್ಲಿ, ಚಹಾ ಅಂಗಡಿಯಲ್ಲಿ ಎಷ್ಟು ಸಲ ಕೇಳಿಲ್ಲ ನಾವು ಈ ಮಾತನ್ನ? ಹೊಡೆಸಿಕೊಂಡವನು ಪರಿಹಾರ ಕೇಳಿದರೆ ದುರಾಸೆ. ಅದೇ ಉಳ್ಳವರು ತಮ್ಮ ಕಾರಿಗೆ ಗೀರು ಬಿದ್ದರೆ ಇನ್ಶೂರೆನ್ಸ್ ಕ್ಲೇಮ್ ಮಾಡ್ತಾರಲ್ಲ, ಅದನ್ನ ಯಾರೂ ದುರಾಸೆ ಅನ್ನಲ್ಲ. ಅದು ಅವರ ಹಕ್ಕು, ಅವರ ತಿಳುವಳಿಕೆ, ಅವರ ಜಾಣತನ.

ಈ ಮಾತು ಎಷ್ಟು ಒಳಗೆ ಹೋಗಿದೆ ಅಂದ್ರೆ, ನಮ್ಮವರೇ ನ್ಯಾಯವಾಗಿ ಬರಬೇಕಾದ್ದನ್ನ ಕೇಳೋಕೆ ನಾಚ್ಕೋತಾರೆ. ಬೆಳೆ ಹೋದರೆ ಬಿಟ್ಟಾಕು. ಗುತ್ತಿಗೆದಾರ ಎರಡು ವಾರದ ಕೂಲಿ ಮುರಿದರೆ ಬಿಟ್ಟಾಕು. ಆಸ್ಪತ್ರೆಯಲ್ಲಿ ಜಾಸ್ತಿ ಬಿಲ್ ಹಾಕಿದರೆ ಬಿಟ್ಟಾಕು. ಬ್ಯಾಗು ಕಳೆದರೂ ಬಿಟ್ಟಾಕು. ಒಂದೊಂದೇ ಬಿಟ್ಟು ಬಿಟ್ಟು ನಾವು ಎಷ್ಟು ಬಿಟ್ಟಿದೀವಿ ಅಂತ ಯಾರಾದ್ರೂ ಲೆಕ್ಕ ಇಟ್ಟಿದಾರಾ?

ಈಗ ಕಾನೂನಿನ ವಿಷಯಕ್ಕೆ ಬರ್ತೀನಿ. ನಾನು ವಕೀಲ ಅಲ್ಲ. ಆದರೆ ಈ ನಾಲ್ಕು ತಿಂಗಳಲ್ಲಿ ಓದಿ, ಗೊತ್ತಿರೋರನ್ನ ಕೇಳಿ ತಿಳ್ಕೊಂಡಿದ್ದನ್ನ ಹೇಳ್ತೀನಿ.

ವಿಮಾನದಲ್ಲಿ ಲಗೇಜು ಕಳೆದರೆ, ಹಾಳಾದರೆ, ತಡವಾದರೆ ಕಂಪನಿ ಹೊಣೆ ಅಂತ ಅಂತರರಾಷ್ಟ್ರೀಯ ಒಪ್ಪಂದ ಇದೆ. 1999ರ ಮಾಂಟ್ರಿಯಲ್ ಒಪ್ಪಂದ. ಭಾರತ 2009ರಲ್ಲಿ ಅದಕ್ಕೆ ಸೇರಿತು. ನಮ್ಮ 1972ರ ವಾಯು ಸಾರಿಗೆ ಕಾಯ್ದೆಯೊಳಗೆ ಅದನ್ನ ಸೇರಿಸಿದ್ದಾರೆ. ಆ ಒಪ್ಪಂದದ ಪ್ರಕಾರ ವಿದೇಶ ಪ್ರಯಾಣದಲ್ಲಿ ಲಗೇಜಿಗೆ ಸಿಗಬಹುದಾದ ಗರಿಷ್ಠ ಪರಿಹಾರ ಮೊದಲು 1,000 ಎಸ್‌ಡಿಆರ್ ಇತ್ತು. ಎಸ್‌ಡಿಆರ್ ಅಂದ್ರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ. ಬೆಲೆ ಏರಿದ ಹಾಗೆ ಐದು ವರ್ಷಕ್ಕೊಮ್ಮೆ ಮಿತಿಯನ್ನ ಮರುಪರಿಶೀಲನೆ ಮಾಡಬೇಕು ಅಂತ ಒಪ್ಪಂದದಲ್ಲೇ ಬರೆದಿದೆ. ಹಾಗಾಗಿ ಅದು 1,131 ಆಯ್ತು, ಆಮೇಲೆ 1,288, ಈಗ 2024ರ ಡಿಸೆಂಬರ್ 28ರಿಂದ 1,519. ರೂಪಾಯಿಯಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ.

ದೇಶದೊಳಗಿನ ಪ್ರಯಾಣಕ್ಕೆ? 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ ಗರಿಷ್ಠ 20,000 ರೂಪಾಯಿ. 2019ರಲ್ಲಿ ವಿಮಾನಯಾನ ಸಚಿವಾಲಯ ಹೊರಡಿಸಿದ ಪ್ರಯಾಣಿಕರ ಸನ್ನದಿನಲ್ಲೂ ಅದೇ 20,000.

ಅದೇ ವಿಮಾನ ನಿಲ್ದಾಣ, ಅದೇ ಬೆಲ್ಟು. ಪಕ್ಕದಲ್ಲಿ ಲಂಡನ್ನಿಂದ ಬಂದವರ ಬ್ಯಾಗು ಕಳೆದರೆ ಒಂದೂವರೆ ಲಕ್ಷದ ಮೇಲಿನವರೆಗೆ ಕೇಳಬಹುದು. ನಾಗಪುರದಿಂದ ಬಂದ ನನ್ನ ಬ್ಯಾಗಿಗೆ 20 ಸಾವಿರದ ಮಿತಿ. ಅವರದ್ದು ಬೆಲೆಯೇರಿಕೆ ಜೊತೆ ಏರುತ್ತೆ. ನಮ್ಮದನ್ನ ಏರಿಸಿ ಅಂತ ಕೇಳೋರೇ ಇಲ್ಲ. ಟಿಕೆಟ್ ದರ ಮಾತ್ರ ಹಬ್ಬ ಬಂದರೆ ಗಂಟೆಗೊಂದು ಸಲ ಏರುತ್ತೆ. ದೇಶದೊಳಗಿನ ಮಿತಿಯನ್ನೂ ಐದು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಇದು ನಾವು ಸಂಸದರನ್ನ ಕೇಳಬೇಕಾದ ಪ್ರಶ್ನೆ. ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆಯ್ತು, 2023ರ ಫೆಬ್ರವರಿಯಲ್ಲಿ ಪ್ರಧಾನಿ ಬಂದು ಉದ್ಘಾಟನೆ ಮಾಡಿದರು, ಕುವೆಂಪು ಹೆಸರಿಟ್ಟರು, ಆಗಸ್ಟ್ ಕೊನೆಯಲ್ಲಿ ವಿಮಾನ ಹಾರಾಟ ಶುರುವಾಯ್ತು. ಎಲ್ಲ ಪಕ್ಷದವರೂ ಅದು ನಮ್ಮಿಂದ ಆಗಿದ್ದು ಅಂದರು. ಸಂತೋಷ. ಹಾಗಾದರೆ ಅಲ್ಲಿಂದ ಹತ್ತೋ ಪ್ರಯಾಣಿಕನ ಹಕ್ಕಿನ ಬಗ್ಗೆಯೂ ಯಾರಾದ್ರೂ ಒಂದು ಮಾತಾಡಿ.

ಇನ್ನೊಂದು ಸೂಕ್ಷ್ಮ ಇದೆ. 20,000 ಅನ್ನೋದು ಮೇಲಿನ ಗೆರೆ, ತನ್ನಷ್ಟಕ್ಕೇ ಸಿಗೋ ಮೊತ್ತ ಅಲ್ಲ. ಕಂಪನಿ ಶುರು ಮಾಡೋದು ಯಾವಾಗಲೂ ಕೆಳಗಿನಿಂದ. ಬ್ಯಾಗಲ್ಲಿ ಅದಕ್ಕಿಂತ ಬೆಲೆಯ ವಸ್ತು ಇದ್ದರೆ, ಒಪ್ಪಿಸುವಾಗಲೇ ಘೋಷಣೆ ಮಾಡಿ, ಬೇಕಾದರೆ ಹೆಚ್ಚುವರಿ ಶುಲ್ಕ ಕಟ್ಟಿ, ಜಾಸ್ತಿ ಹೊಣೆ ಹೊರಿಸೋ ಅವಕಾಶ ಕಾನೂನಲ್ಲಿದೆ. ಚೆಕ್ ಇನ್ ಕೌಂಟರಲ್ಲಿ ನನಗೆ ಇದನ್ನ ಯಾರೂ ಹೇಳಲಿಲ್ಲ. ಪವರ್ ಬ್ಯಾಂಕ್ ಇದೆಯಾ, ಲೈಟರ್ ಇದೆಯಾ ಅಂತ ಮಾತ್ರ ಕೇಳಿದರು.

ಆಮೇಲೆ ಬಿಲ್ಲಿನ ಪ್ರಶ್ನೆ. "ಒಳಗಿದ್ದ ವಸ್ತುಗಳ ಬಿಲ್ ಕಳಿಸಿ" ಅಂತ ಇಮೇಲ್ ಬಂತು. ದೀಕ್ಷಾಭೂಮಿಯ ರಸ್ತೆ ಬದಿ ಟಾರ್ಪಾಲು ಹಾಸ್ಕೊಂಡು ಕೂತ ಅಮ್ಮ ಜಿಎಸ್‌ಟಿ ಬಿಲ್ ಕೊಡ್ತಾರಾ? ನಮ್ಮ ಜನರ ಬದುಕಿನಲ್ಲಿ ಯಾವುದಕ್ಕೆ ಬಿಲ್ ಇದೆ ಹೇಳಿ. ಕೂಲಿಗೆ ಬಿಲ್ ಇಲ್ಲ, ಸಂತೆಗೆ ಬಿಲ್ ಇಲ್ಲ, ಎಷ್ಟೋ ಜನರಿಗೆ ಮನೆ ಜಾಗಕ್ಕೆ ಹಕ್ಕುಪತ್ರವೇ ಇಲ್ಲ. ಕಾಗದ ಇಲ್ಲದವನ ನಷ್ಟ ನಷ್ಟವೇ ಅಲ್ಲ ಅನ್ನೋದು ಈ ದೇಶದ ಹಳೇ ನ್ಯಾಯ. ಆ ನೋಟ್‌ಬುಕ್ಕಿಗೆ ನಾನು ಎಲ್ಲಿಂದ ಬಿಲ್ ತರಲಿ? ತೀರಿಹೋದ ಇಬ್ಬರು ಹಿರಿಯರ ಮಾತಿಗೆ ಎಂಆರ್‌ಪಿ ಎಷ್ಟು?

ಬ್ಯಾಗು ಬಿಡಿ, ಜೀವಕ್ಕೂ ಲೆಕ್ಕ ಹೀಗೇ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಮಂಗಳೂರಲ್ಲಿ ಬಿದ್ದು 158 ಜನ ಸತ್ತರು. ಗಲ್ಫಲ್ಲಿ ದುಡಿದು ಮನೆಗೆ ಬರ್ತಿದ್ದ ಕರಾವಳಿಯ, ಕಾಸರಗೋಡಿನ ಜನ ಅದರಲ್ಲಿ ಬಹಳ ಇದ್ದರು. ಅಂಥ ಅಪಘಾತಗಳಲ್ಲಿ ಪರಿಹಾರದ ದೊಡ್ಡ ಪಾಲು ನಿಂತಿರೋದು ಸತ್ತವರ ಸಂಬಳದ ಮೇಲೆ. ದೊಡ್ಡ ಹುದ್ದೆಯಲ್ಲಿದ್ದ ಒಬ್ಬರ ಕುಟುಂಬ ಗ್ರಾಹಕ ಆಯೋಗದಿಂದ ಸುಪ್ರೀಂ ಕೋರ್ಟ್ ತನಕ ಹೋಗಿ, 2020ರಲ್ಲಿ 7.64 ಕೋಟಿ ರೂಪಾಯಿಯ ತೀರ್ಪು ಪಡೀತು. ಅವರು ಪಡೆದಿದ್ದು ಸರಿ, ಅವರ ಹೋರಾಟಕ್ಕೆ ನನ್ನ ನಮಸ್ಕಾರ. ಆದರೆ ಸಣ್ಣ ಸಂಬಳದವನ ಹೆಂಡತಿ ಮಕ್ಕಳಿಗೆ ಅದೇ ಲೆಕ್ಕ ಹಾಕಿದರೆ ಎಷ್ಟು ಬರುತ್ತೆ? ಕಡಿಮೆ ಕೂಲಿ ಕೊಟ್ಟವರು, ಸತ್ತ ಮೇಲೂ ಕಡಿಮೆ ಕೊಡ್ತಾರೆ.

ಇಷ್ಟೆಲ್ಲ ಹೇಳಿದ್ದು ಕೈಚೆಲ್ಲಿ ಕೂರೋಕೆ ಅಲ್ಲ. ಕಾನೂನಲ್ಲಿ ನಮಗೂ ಬಾಗಿಲು ಇದೆ, ಅದನ್ನ ಹೇಳೋಕೇ ಬರೀತಾ ಇರೋದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಹಳೇ ಕಾಯ್ದೆಯಲ್ಲಿ ಕಂಪನಿಯ ಕಚೇರಿ ಇರೋ ಕಡೆ ಅಥವಾ ತೊಂದರೆ ಆದ ಕಡೆ ಹೋಗಿ ಕೇಸ್ ಹಾಕಬೇಕಿತ್ತು. ಹೊಸ ಕಾಯ್ದೆಯಲ್ಲಿ ನಾವು ವಾಸ ಇರೋ ಜಾಗದಲ್ಲೇ, ನಾವು ದುಡಿಯೋ ಜಾಗದಲ್ಲೇ ಹಾಕಬಹುದು. ಅಂದ್ರೆ ಸಕ್ರೆಬೈಲಿನವನು ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಹಾಕಬಹುದು. ದೊಡ್ಡ ಕಂಪನಿ ಅಲ್ಲಿಗೆ ಬಂದು ಉತ್ತರ ಕೊಡಬೇಕು. ನಾವು ದಿಲ್ಲಿಗೆ ಹೋಗಬೇಕಿಲ್ಲ, ಅವರು ತುಂಗೆಯ ದಡಕ್ಕೆ ಬರಬೇಕು. ನನಗೆ ಇದು ಬಹಳ ಖುಷಿ ಕೊಟ್ಟ ಕಲಮು.

ಕೇಳಿದರೆ ಸಿಗುತ್ತಾ? ಸಿಕ್ಕಿದೆ. 2021ರಲ್ಲಿ ಬೆಂಗಳೂರಿನ ದಂಪತಿ ಪೋರ್ಟ್ ಬ್ಲೇರ್‌ಗೆ ಪ್ರವಾಸ ಹೋದರು. ಅವರ ಲಗೇಜು ಬೆಂಗಳೂರಲ್ಲೇ ಉಳಿದಿತ್ತು, ಎರಡು ದಿನ ಬರಲಿಲ್ಲ. ಕಳೆದೂ ಹೋಗಿರಲಿಲ್ಲ, ತಡ ಆಗಿತ್ತು ಅಷ್ಟೇ. ಅವರು ಬಿಡಲಿಲ್ಲ. 2023ರಲ್ಲಿ ಬೆಂಗಳೂರಿನ ಗ್ರಾಹಕ ಆಯೋಗ 70 ಸಾವಿರ ರೂಪಾಯಿ ಕೊಡಿ ಅಂತ ಕಂಪನಿಗೆ ಆದೇಶ ಮಾಡ್ತು. ಸೇವಾ ಲೋಪಕ್ಕೆ, ಮಾನಸಿಕ ಹಿಂಸೆಗೆ, ಕೇಸಿನ ಖರ್ಚಿಗೆ, ಎಲ್ಲ ಸೇರಿಸಿ. ಅವರು ಕೇಳಿದರು, ಸಿಕ್ತು. ಕೇಳೋ ಅಭ್ಯಾಸ ಇರೋರಿಗೆ ಸಿಗುತ್ತೆ. ಆ ಅಭ್ಯಾಸ ನಮಗೂ ಬರಬೇಕು.

ಹಾಗಾಗಿ ಇದನ್ನ ಸೇವ್ ಮಾಡಿಟ್ಕೊಳ್ಳಿ. ನಮ್ಮ ಹುಡುಗ ಹುಡುಗಿಯರು ಈಗ ಓದೋಕೆ, ಇಂಟರ್‌ವ್ಯೂಗೆ, ಗಲ್ಫಿಗೆ ಕೆಲಸಕ್ಕೆ ಅಂತ ವಿಮಾನ ಹತ್ತುತಾ ಇದಾರೆ. ಹತ್ತಲೇಬೇಕು. ಅವರಿಗೆ ಕಳಿಸಿ.

1. ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ಆಧಾರ್, ಔಷಧಿ, ಬಂಗಾರ, ದುಡ್ಡು ಯಾವುದನ್ನೂ ಒಪ್ಪಿಸೋ ಬ್ಯಾಗಲ್ಲಿ ಹಾಕಬೇಡಿ. ಕೈಚೀಲದಲ್ಲಿ ಇಟ್ಕೊಳ್ಳಿ. ಕಳೆದ ಮೇಲೆ "ಬೆಲೆಬಾಳೋದನ್ನ ಹಾಕಬಾರದು ಅಂತ ನಮ್ಮ ಷರತ್ತಲ್ಲಿದೆ" ಅಂತಾರೆ. ನನ್ನ ನೋಟ್‌ಬುಕ್ಕನ್ನ ಕೈಚೀಲದಲ್ಲಿ ಇಡದೇ ಇದ್ದಿದ್ದು ನನ್ನ ತಪ್ಪು. ಅದನ್ನ ನಾನು ಒಪ್ಕೋತೀನಿ.

2. ಜಿಪ್ ಹಾಕೋ ಮೊದಲು ಬ್ಯಾಗ್ ತೆರೆದಿಟ್ಟು ಒಂದು ಫೋಟೋ ತಗೊಳ್ಳಿ. ಮುಚ್ಚಿದ ಮೇಲೆ ಹೊರಗಿನಿಂದ ಇನ್ನೊಂದು. ಬಿಲ್ ಇಲ್ಲದವರಿಗೆ ಇದೇ ಬಿಲ್. ಫೋನ್‌ಪೇ, ಗೂಗಲ್‌ಪೇ ಮಾಡಿದ್ದರೆ ಆ ಮೆಸೇಜೂ ಸಾಕ್ಷಿ. ನಾನು ಸ್ಟಾಲುಗಳಲ್ಲಿ ಫೋನಿಂದ ಕಟ್ಟಿದ 4,100 ರೂಪಾಯಿ ಹೀಗೇ ಸಿಕ್ತು.

3. ಬೋರ್ಡಿಂಗ್ ಪಾಸಿಗೆ ಅಂಟಿಸಿ ಕೊಡೋ ಬ್ಯಾಗಿನ ಚೀಟಿಯನ್ನ ಎಸೀಬೇಡಿ. ಅದೇ ನಿಮ್ಮ ರಸೀದಿ. ಅದರಲ್ಲಿ ನಂಬರ್ ಇರುತ್ತೆ.

4. ಬ್ಯಾಗು ಬರದಿದ್ದರೆ ನಿಲ್ದಾಣದಿಂದ ಹೊರಗೆ ಬರೋ ಮೊದಲೇ ಕೌಂಟರಲ್ಲಿ ದೂರು ಬರೆಸಿ. ಪಿಐಆರ್ ಅಂತಾರೆ ಅದಕ್ಕೆ. ಪ್ರತಿ ತಗೊಳ್ಳಿ. "ಮನೆಗೆ ಹೋಗಿ ಫೋನ್ ಮಾಡಿ" ಅಂದರೆ ಒಪ್ಪಬೇಡಿ. ಬಸ್ಸು ತಪ್ಪಿದರೂ ಪರವಾಗಿಲ್ಲ.

5. ಬ್ಯಾಗು ಹರಿದು ಒಡೆದು ಬಂದರೆ 7 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ತಡವಾಗಿ ಬಂದರೆ, ಕೈಗೆ ಸಿಕ್ಕ ದಿನದಿಂದ 21 ದಿನದೊಳಗೆ. 21 ದಿನ ಕಳೆದರೂ ಬರದೇ ಇದ್ದರೆ ಕಳೆದುಹೋಗಿದೆ ಅಂತ ಪರಿಹಾರ ಕೇಳಬಹುದು. ಕೇಸಿಗೆ 2 ವರ್ಷದ ಗಡುವು. "ನೋಡ್ತಾ ಇದೀವಿ" ಅಂತ ಎಳೆದಾಡೋದು ಆ ಗಡುವು ದಾಟಿಸೋಕೂ ಇರಬಹುದು, ಎಚ್ಚರ.

6. ಫೋನಲ್ಲಿ ಮಾತಾಡಿದ್ದಕ್ಕೆ ಬೆಲೆ ಇಲ್ಲ. ಎಲ್ಲ ಇಮೇಲಲ್ಲೇ. ಇಂಗ್ಲಿಷ್ ಬರದಿದ್ದರೆ ಕನ್ನಡದಲ್ಲೇ ಬರೀರಿ. ಅನುವಾದ ಮಾಡ್ಕೊಳ್ಳೋದು ಅವರ ಕೆಲಸ.

7. "ಅಂತಿಮ ಇತ್ಯರ್ಥ" ಅನ್ನೋ ಕಾಗದಕ್ಕೆ ಅವಸರದಲ್ಲಿ ಸಹಿ ಹಾಕಬೇಡಿ. ವೋಚರ್ ತಗೋಬೇಡಿ. ಅದು ಮತ್ತೆ ಅವರ ವಿಮಾನದಲ್ಲೇ ಹೋಗೋಕೆ ಕೊಡೋ ಚೀಟಿ.

8. ಮೊದಲು ಕಂಪನಿಯ ನೋಡಲ್ ಅಧಿಕಾರಿಗೆ ದೂರು, ಜೊತೆಗೆ ಸರ್ಕಾರದ ಏರ್‌ಸೇವಾದಲ್ಲಿ ದೂರು. ಗ್ರಾಹಕ ಸಹಾಯವಾಣಿ 1915. ಆಗಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ, ನಾವೇ ವಾದ ಮಾಡಬಹುದು. ಇ-ಜಾಗೃತಿ ಪೋರ್ಟಲಲ್ಲಿ ಮೊಬೈಲಿಂದಲೂ ಹಾಕಬಹುದು.

9. ಇದು ಬಹಳ ಮುಖ್ಯ, ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಉಚಿತ ಕಾನೂನು ನೆರವು ಸಿಗಬೇಕು. ಆದಾಯದ ಮಿತಿ ಅನ್ವಯಿಸಲ್ಲ. ಹೆಂಗಸರಿಗೂ ಹಾಗೇ, ಯಾವ ಜಾತಿಯವರಾದರೂ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರೋ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಒಂದು ಅರ್ಜಿ ಕೊಡಿ. ಸಹಾಯವಾಣಿ 15100. ಇದು ಉಪಕಾರ ಅಲ್ಲ, ಕಾಯ್ದೆ.

ನಾನೂ ಇದೇ ದಾರಿ ಹಿಡಿದೆ. ದೂರನ್ನ ಕನ್ನಡದಲ್ಲೇ ಬರೆದೆ. ಪುಸ್ತಕಗಳ ಪಟ್ಟಿ, ಪಾವತಿಯ ಮೆಸೇಜು, ಬ್ಯಾಗಿನ ಚೀಟಿ, ಇಮೇಲುಗಳು, ಆಮೇಲೆ 23 ಮನೆಯವರು ದುಡ್ಡು ಕೊಟ್ಟ ಪಟ್ಟಿ. ಎಷ್ಟೋ ಜನ ಹೆಬ್ಬೆಟ್ಟು ಒತ್ತಿದರು. ಆ ಪಟ್ಟಿಯನ್ನ ದೂರಿನ ಜೊತೆ ಲಗತ್ತಿಸುವಾಗ ಟೈಪ್ ಮಾಡ್ತಿದ್ದ ಹುಡುಗಿ ಕೇಳಿದಳು: "ಇದು ಬೇಕಾ ಅಣ್ಣ? ಬ್ಯಾಗು ನಿಮ್ಮ ಹೆಸರಲ್ಲಿದೆಯಲ್ಲ." ಬೇಕು ಅಂದೆ. ಟಿಕೆಟ್ ನನ್ನ ಹೆಸರಲ್ಲಿರಬಹುದು, ಬ್ಯಾಗು ಕೇರಿಯದ್ದು. ಅದು ದಾಖಲೆಯಲ್ಲಿ ಇರಲಿ. ನಾಳೆ ಯಾರಾದ್ರೂ ಆ ಫೈಲ್ ತೆಗೆದರೆ, ಕೂಲಿ ಜನ ತಮ್ಮ ಮಕ್ಕಳ ಓದಿಗೆ 200, 200 ರೂಪಾಯಿ ಹಾಕಿದ್ದರು ಅಂತ ಒಂದು ಸರ್ಕಾರಿ ಕಾಗದದಲ್ಲಿ ಉಳೀಲಿ.

ವಿಚಾರಣೆ ಮುಂದಿನ ತಿಂಗಳಿದೆ. ಗೆಲ್ತೀನಾ ಗೊತ್ತಿಲ್ಲ. ಕಂಪನಿಯವರು 20 ಸಾವಿರದ ಮಿತಿ ತೋರಿಸ್ತಾರೆ, ಬಿಲ್ ಕೇಳ್ತಾರೆ, ಷರತ್ತಿನ ಪುಟ ತೋರಿಸ್ತಾರೆ. ತೋರಿಸಲಿ. ಎಷ್ಟು ಬಂದರೂ ಅದರಲ್ಲಿ ಮೊದಲು ಪುಸ್ತಕ. ಉಳಿದರೆ ಕಪಾಟು. ನನ್ನ ಓಡಾಟದ ಖರ್ಚು ನನ್ನದೇ.

ನಮ್ಮದು ಸಾಮಾನ್ಯ ನೆಲ ಅಲ್ಲ. ಪಕ್ಕದ ಭದ್ರಾವತಿಯಲ್ಲಿ ಕಾಲೇಜು ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ ಜಿಲ್ಲೆ ಇದು. ಆ ಚಳವಳಿಯಿಂದ ನಾನು ಕಲಿತ ಮೊದಲ ಪಾಠ, ಬೇಡೋದು ಬೇರೆ, ಕೇಳೋದು ಬೇರೆ. ಬೇಡುವವನು ಕೊಟ್ಟಷ್ಟು ತಗೊಂಡು ಕೈಮುಗೀತಾನೆ. ಕೇಳುವವನು ಲೆಕ್ಕ ಕೇಳ್ತಾನೆ. ಭೂಮಿ ವಿಷಯದಲ್ಲಿ, ಕೂಲಿ ವಿಷಯದಲ್ಲಿ ಆ ಲೆಕ್ಕ ಕೇಳೋದನ್ನ ನಮ್ಮ ಹಿರಿಯರು ಕಲಿಸಿದರು. ಈಗ ನಾವು ಬ್ಯಾಂಕು, ಆಸ್ಪತ್ರೆ, ಕಾಲೇಜು, ವಿಮಾನ, ಎಲ್ಲ ಕಡೆಗೂ ಹೋಗ್ತಾ ಇದೀವಿ. ಅಲ್ಲೂ ಲೆಕ್ಕ ಕೇಳೋಣ. ದೊಡ್ಡ ಹೋರಾಟಗಳ ಮುಂದೆ ಇದು ಸಣ್ಣದು, ಒಪ್ತೀನಿ. ಒಳಮೀಸಲಾತಿ, ಭೂಮಿ, ಪೌರಕಾರ್ಮಿಕರ ಪ್ರಶ್ನೆ ಇರುವಾಗ ಬ್ಯಾಗಿನ ಮಾತೇನು ಅಂತ ಕೇಳಬಹುದು. ಆದರೆ 2,600ಕ್ಕೆ ಸಹಿ ಹಾಕಿ ಸುಮ್ಮನಾಗೋ ಕೈ, ದೊಡ್ಡ ಅನ್ಯಾಯಕ್ಕೂ ಸಹಿ ಹಾಕೋದನ್ನ ಅಲ್ಲೇ ಅಭ್ಯಾಸ ಮಾಡ್ಕೊಳ್ಳುತ್ತೆ.

ಮೊನ್ನೆ ಭಾನುವಾರ ಆ ನೂರು ರೂಪಾಯಿ ಕೊಟ್ಟ ಅಜ್ಜಿ ಸಿಕ್ಕಿದ್ದರು. "ಪುಸ್ತಕ ಎಲ್ಲಪ್ಪ?" ಅಂದರು. ಎಲ್ಲ ಹೇಳಿದೆ. ವಿಮಾನ, ಬೆಲ್ಟು, ಇಮೇಲು ಅವರಿಗೆ ಎಷ್ಟು ಅರ್ಥ ಆಯ್ತೋ ಗೊತ್ತಿಲ್ಲ. ಕೊನೆಗೆ ಒಂದೇ ಕೇಳಿದರು: "ಕೇಳಿದ್ಯಾ ಅವ್ರನ್ನ?"

"ಕೇಳಿದೀನಿ ಅಜ್ಜಿ. ಬಿಟ್ಟಿಲ್ಲ."

"ಹಂಗಾದ್ರೆ ಸರಿ" ಅಂದರು.

ನಿಮ್ಮಲ್ಲಿ ಯಾರಿಗಾದರೂ ಇಂಥದ್ದು ಆಗಿದ್ದರೆ, ಕೇಸ್ ಹಾಕಿದ್ದರೆ, ಸೋತಿದ್ದರೂ ಸರಿ, ಕೆಳಗೆ ಬರೀರಿ. ಒಬ್ಬರ ಅನುಭವ ಇನ್ನೊಬ್ಬರಿಗೆ ದಾರಿ. ಮನೆಯಲ್ಲಿ ಮಕ್ಕಳ ಪುಸ್ತಕ, ಬಾಬಾಸಾಹೇಬರ ಪುಸ್ತಕ ಎರಡೆರಡು ಪ್ರತಿ ಇದ್ದರೆ ಒಂದನ್ನ ನಮ್ಮ ಓದೋ ಕೋಣೆಗೆ ಕೊಡಿ. ತೀರ್ಪು ಬರೋವರೆಗೆ ಮಕ್ಕಳು ಕಾಯಬಾರದು. ಹಂಚಿಕೊಳ್ಳಿ.

ಜೈ ಭೀಮ್.